ಅಬ್ಬಿಗೇರಿ ಮುನ್ನೂರು ಮೀಟರು ಸರಿದದ್ದು

ತಪ್ಪು ತಿದ್ದುವುದೇ ಹೊಟ್ಟೆಪಾಡಾದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕಂಡದ್ದೆಲ್ಲ ತಪ್ಪಾಗಿಯೂ ತಾನೊಬ್ಬನೇ ಸರಿಯಾಗಿಯೂ ತೋರತೊಡಗುತ್ತದೆ. ನನಗೆ ಅದು ಬಲಿತೇ ಹೋಗಿತ್ತು. ಭೂಕಂಪದಲ್ಲಿ ನೆಲ ಹೇಗೆ ಅಲುಗಿತೆಂದು ಗೆರೆ ಎಳೆದಿಡುವ ಯಂತ್ರಗಳಿವೆ. ನಡುಕ ನಿಂತ ಮೇಲೆ ಆ ಗೆರೆ ಸೊನ್ನೆಗೆ ಮರಳಬೇಕು. ಚೂರು ಆಚೀಚೆ ನಿಂತರೂ, ನೆಲ ಎಷ್ಟು ಸರಿಯಿತೆಂದು ಲೆಕ್ಕ ಹಾಕುವಾಗ ಆ ಚೂರು ಬೆಳೆಯುತ್ತ ಬೆಟ್ಟವಾಗುತ್ತದೆ. ಗೆರೆಯನ್ನು ಸೊನ್ನೆಗೆ ತಂದು ಕೂರಿಸುವುದು ನನ್ನ ಕೆಲಸ. ನನ್ನ ಹೆಂಡತಿ ಇದನ್ನು 'ಗೀಟು ನೆಟ್ಟಗ ಮಾಡೋ ನೌಕರಿ' ಎನ್ನುತ್ತಾಳೆ.

ನಮ್ಮದೊಂದು ಯಂತ್ರ ಅಬ್ಬಿಗೇರಿಯಲ್ಲಿ, ಹೊಲಿಗೆ ಕೆಲಸ ಮಾಡುವ ರಬಿಯಾಬಿಯವರ ಮನೆಯ ಹಿಂದಿನ ಕೋಣೆಯಲ್ಲಿತ್ತು. ಹೋದ ವರ್ಷ ಆ ಕಡೆ ನೆಲ ನಡುಗಿತು. ಆ ಯಂತ್ರದ ಗೆರೆ ಸೊನ್ನೆಗೆ ಮರಳಲೇ ಇಲ್ಲ. ಲೆಕ್ಕದ ಪ್ರಕಾರ ಇಡೀ ಅಬ್ಬಿಗೇರಿ ಒಂದೇ ನಿಮಿಷದಲ್ಲಿ ಮುನ್ನೂರು ಮೀಟರು ರೋಣದ ಕಡೆ ಸರಿದಿತ್ತು! ರೋಣದ ಸಂತೆಗೆ ಹೋಗುವವರಿಗೆ ಅಷ್ಟು ನಡಿಗೆ ಉಳಿಯಿತೆಂದು ಕಚೇರಿಯವರನ್ನೆಲ್ಲ ನಗಿಸಿದೆ. ಯಂತ್ರದ ದೋಷವೆಂದು ಬರೆದು, ಗೆರೆ ತಿದ್ದಿ, ಚಹಾಕ್ಕೆ ಎದ್ದೆ.

ಸಂಜೆ ರಬಿಯಾಬಿ ಫೋನು ಮಾಡಿದರು. ಯಂತ್ರಕ್ಕೆ ಅವರು ಪೆಟಗಿ ಎನ್ನುತ್ತಿದ್ದರು. "ಸಾಹೇಬ್ರ, ನಿಮ್ಮ ಪೆಟಗಿ ಓರೆ ಆಗೇತ್ರಿ."

"ಪೆಟಗಿ ಅಲ್ರೆವ್ವಾ, ಗೀಟು ತಪ್ಪಿತ್ತು. ಇಲ್ಲಿಂದನ ಸರಿ ಮಾಡೇನಿ" ಎಂದೆ.

ಮರುದಿನ ಮತ್ತೆ ಮಾಡಿದರು. "ಅಲ್ಲಿಂದ ಹ್ಯಾಂಗ ಸರಿ ಆಕ್ಕೇತ್ರಿ? ಆ ಖೋಲ್ಯಾಗ ನನ್ನ ಮಗಳು ಹಸುಗೂಸು ಕಟಗೊಂಡು ಮಲಗ್ತಾಳ. ಒಮ್ಮೆ ಬಂದು ನೋಡ್ರಿ."

ನೆಲ ಸಮವಿದೆಯೇ ಎಂದು ನೋಡುವ ಮಟ್ಟಗೋಲು ತೆಗೆದುಕೊಂಡು ಹೋದೆ. ಯಂತ್ರದ ಕಟ್ಟೆಯ ಮೇಲೆ ಇಟ್ಟರೆ ಅದರ ಗಾಜಿನೊಳಗಿನ ಗುಳ್ಳೆ ಸೀದಾ ಅಂಚಿಗೆ ಓಡಿತು. ಎರೆಮಣ್ಣಿನ ಮೇಲೆ ಕಟ್ಟಿದ ಕೋಣೆಯ ಒಂದು ಮೂಲೆ ಕುಸಿದು, ನೆಲ, ಕಟ್ಟೆ, ಗೋಡೆ ಎಲ್ಲ ಒಂದೇ ಕಡೆ ವಾಲಿದ್ದವು. ಊರು ಸರಿದಿರಲಿಲ್ಲ, ನಿಜ. ಆದರೆ ಯಂತ್ರ ತಾನು ವಾಲಿದ್ದನ್ನೇ ಗೆರೆಯಲ್ಲಿ ಹೇಳಿತ್ತು. ನಾನು ಅದನ್ನು ತಿದ್ದಿ ಬಾಯಿ ಮುಚ್ಚಿಸಿದ್ದೆ. ಬಾಣಂತಿ, ಕೂಸು, ತೊಟ್ಟಿಲು ಎಲ್ಲವನ್ನೂ ಆಗಲೇ ಪಡಸಾಲೆಗೆ ಸಾಗಿಸಿದೆವು. ಕೂಸು ನನ್ನ ಅಂಗಿಯ ಗುಂಡಿ ಹಿಡಿದು ಬಿಡಲೊಲ್ಲದು.

ನಾಲ್ಕನೆಯ ದಿನ ಫೋನು ಬಂತು. "ಗ್ವಾಡಿ ಬಿತ್ರಿ. ನಾವೆಲ್ಲಾ ಚಲೋ ಅದೀವಿ. ನೀವು ಮರತು ಹೋದ ಪೆಟಗೀನೂ ಹೊರಗ ತಂದಿಟ್ಟೇನಿ."

"ಇನ್ನ ಏನರ ಓರೆ ಕಂಡ್ರ ಲಗೂನ ನನಗ ಹೇಳ್ರೆವ್ವಾ" ಎಂದೆ.

"ಹೋದ ಸಲಾನೂ ನಿಮಗ ಹೇಳಿದ್ನೆಲ್ರಿ" ಎಂದರು. ಬೈದದ್ದಲ್ಲ, ನೆನಪು ಮಾಡಿದ್ದು ಅಷ್ಟೇ. ನಾನು ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿಕೊಂಡೆ.