ಎಂಪಿ ಸಾಹೇಬರ ಮಾನಪತ್ರಕ್ಕೆ ಮಹಾದೇವಿಯ ತಿದ್ದುಪಡಿ

ಮಹಾದೇವಿ ಗಿರಾಕಿಯಲ್ಲ ಎಂಬುದು ಆಕೆ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ನನಗೆ ಗೊತ್ತಾಯಿತು. ಗಿರಾಕಿ ಮೊದಲು ಶಾಲು ಮುಟ್ಟುತ್ತಾನೆ, ಆಮೇಲೆ ದರ ಕೇಳುತ್ತಾನೆ. ಈಕೆ ಎರಡನ್ನೂ ಮಾಡಲಿಲ್ಲ. ವಯಸ್ಸು ಐವತ್ತರ ಆಸುಪಾಸು, ಗಟ್ಟಿ ಮಾಲು. ಇಳಕಲ್ಲ ಸೀರೆ, ರೊಟ್ಟಿ ಬಡಿದು ಬಡಿದು ಅಗಲವಾದ ಅಂಗೈ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಚೌಕಾಸಿಗೆ ಬಗ್ಗುವ ಪೈಕಿ ಅಲ್ಲವೇ ಅಲ್ಲ. ಆಂಟಾಪ್ ಹಿಲ್ಲಿನ ಚಾಳಿನಲ್ಲಿ ಹನ್ನೊಂದು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಮಾಡಿ ಮಾರುವ ಈಕೆ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದವಳು. ಸಂಘದ ಸಭೆಗಳಲ್ಲಿ ಮಾನಪತ್ರ ಓದುವ ದನಿ ಈಕೆಯದೇ.

ಮಾಟುಂಗದ ನನ್ನ ಅಂಗಡಿಯಲ್ಲಿ ಸಿಗುವುದು ಸನ್ಮಾನದ ಸಾಮಾನು: ಶಾಲು, ಪೇಟ, ಗಂಧದ ಹಾರ, ಚೌಕಟ್ಟು ಹಾಕಿದ ಮಾನಪತ್ರ. ಆ ಭಾನುವಾರ ನಮ್ಮ ಕ್ಷೇತ್ರದ ಎಂಪಿ ಸಾಹೇಬರಿಗೆ ಸನ್ಮಾನವಿತ್ತು. ನಾನು ಬರೆದು ಕಳಿಸಿದ್ದ ಅವರ ಮಾನಪತ್ರದ ಕರಡನ್ನು ಆಕೆ ನನ್ನ ಮುಂದೆ ಕುಕ್ಕಿದಾಗ ಜಗಳ ಅರ್ಧ ದಾರಿ ಬಂದಾಗಿತ್ತು. ಅದನ್ನು ಆಕೆ ಬಸ್ಸಿನಿಂದಲೇ ಫೋನಿನಲ್ಲಿ ಶುರು ಮಾಡಿದ್ದಳು.

ಮಹಾದೇವಿ: ಓದಂಗಿಲ್ಲ ಅಂದ್ರ ಓದಂಗಿಲ್ಲ, ಶೆಟ್ಟೆಪ್ಪಣ್ಣ.

ನಾನು: ಯಾಕ? ಅಕ್ಷರ ಸಣ್ಣು ಆದ್ವೇನು?

ಮಹಾದೇವಿ: ಅಕ್ಷರ ದೊಡ್ಡುವು ಅದಾವ, ಸುಳ್ಳೂ ದೊಡ್ಡುವು ಅದಾವ. "ನೊಂದವರ ಕಣ್ಣೀರು ಒರೆಸಿದ ಕರುಣಾಮಯಿ." ಇದನ್ನ ಹ್ವಾದ ವರ್ಷ ಹಲ್ಲಿನ ಡಾಕ್ಟರಿಗೆ ಓದೀನಿ.

ನಾನು: ಓದೀರಿ. ಮಾನಪತ್ರ ಎಲ್ಲಾರಿಗೂ ಒಂದ. ಹೆಸರ ಅಷ್ಟ ಬದಲಿ.

ಮಹಾದೇವಿ: ಆ ಡಾಕ್ಟರ ಖುರ್ಚ್ಯಾಗ ಕುಂತು ನಾನ ಅತ್ತೀನಿ. ಒರಸಾಕ ಒಂದು ಕರವಸ್ತ್ರ ಸೈತ ಕೊಡಲಿಲ್ಲ ಆ ಕರುಣಾಮಯಿ.

ನನ್ನ ಬಳಿ ಮಾನಪತ್ರ ಮೂರು ನಮೂನೆ. ಒಂದನೆಯದು ಸ್ವಾಮಿಗಳಿಗೆ, ಎರಡನೆಯದು ನಿವೃತ್ತರಿಗೆ, ಮೂರನೆಯದು ಉಳಿದ ಇಡೀ ಜಗತ್ತಿಗೆ. ಇಪ್ಪತ್ತು ವರ್ಷಗಳಲ್ಲಿ ಯಾರೂ ದೂರು ಹೇಳಿರಲಿಲ್ಲ. ಸನ್ಮಾನ ಮಾಡಿಸಿಕೊಳ್ಳುವವರು ತಮ್ಮ ಬಗ್ಗೆ ಬರೆದದ್ದನ್ನು ಅನುಮಾನಿಸುವುದಿಲ್ಲ, ಕೇಳುವವರು ಊಟದ ವಾಸನೆಯ ಕಡೆ ಇರುತ್ತಾರೆ. ಮಹಾದೇವಿ ಫೈಲು ಬಿಚ್ಚಿದಳು.

ಮಹಾದೇವಿ: ಲೋಕಸಭಾದ ವೆಬ್‌ಸೈಟಿನಾಗ ಎಲ್ಲಾ ಹಾಕ್ಯಾರ. ಮೊಬೈಲ್ ನೋಡಿ ಬರ್ಕೊಂಡ ಬಂದೀನಿ. ಹಾಜರಿ, ನೂರಕ್ಕ ಎಂಬತ್ತೇಳು.

ನಾನು: ಛಲೋ ಆತಲ್ಲ! ನನ್ನ ಅಂಗಡಿ ಸೈತ ಅಷ್ಟು ತಗದಿರಂಗಿಲ್ಲ.

ಮಹಾದೇವಿ: ಬಾಗಲಾ ತಗದ್ರ ಸಾಕೇನು? ಒಳಗ ಏನ ನಡೀತು ನೋಡ್ರಿ. ಕೇಳಿದ ಪ್ರಶ್ನೆ ಇನ್ನೂರ ನಲವತ್ತಮೂರು.

ನಾನು: ಯಪ್ಪಾ! ಶಾಲು ತಗೊಳ್ಳದ ಗಿರಾಕಿ ಸೈತ ಅಷ್ಟು ಕೇಳಂಗಿಲ್ಲ.

ಮಹಾದೇವಿ: ಒಂದೊಂದೂ ಓದೀನಿ. ತೆಂಗಿನ ನಾರಿನ ರಫ್ತು. ಲಡಾಖಿನ ರಸ್ತೆ. ಅಂಡಮಾನಿನ ಹಡಗ. ಒಂಟಿ ಸಾಕಾಣಿಕಿ. ಮುಂಬೈದಾಗ ಒಂಟಿ ಎಲ್ಲಿ ಅದಾವ್ರಿ?

ನಾನು: ಜುಹೂದಾಗ ಒಂದು ನೋಡಿದ್ದೆ.

ಮಹಾದೇವಿ: ನಮ್ಮೂರ ಕಡೆ ಹೋಗೋ ಗಾಡಿ ಬಗ್ಗೆ ಎಷ್ಟು ಕೇಳ್ಯಾರ ಗೊತ್ತೈತೇನು? ಸೊನ್ನಿ. ಜನರಲ್ ಡಬ್ಬಿ ನಾಕ ಇದ್ದುವು, ಎರಡ ಉಳದಾವ. ಯುಗಾದಿಗೆ ನಾನೂ ನನ್ನ ರೊಟ್ಟಿ ಹೆಣಮಕ್ಕಳೂ ಸೋಲಾಪುರ ಮಟಾ ನಿಂತ ಹೋದ್ವಿ. ಎರಡೂ ಕಾಲಿಗೆ ಜಾಗಾ ಇರಲಿಲ್ಲ. ಪಾಳೆ ಪ್ರಕಾರ ಊರಿದ್ವಿ. ದೀಪಾವಳಿಗೆ ಮತ್ತ ಹೋಗೋದೈತಿ.

ಇದನ್ನು ಹೇಳುವಾಗ ಆಕೆ ನಗಲಿಲ್ಲ. ನಾನು ನಕ್ಕೆ, ಕೂಡಲೇ ನಿಲ್ಲಿಸಿದೆ. ಮಾತು ತಿರುಗಿಸುವುದು ಒಳ್ಳೆಯದೆನಿಸಿತು.

ನಾನು: ಮತ್ತ ಬಿಲ್ಲಿಗೆ ವೋಟು ಹಾಕ್ತಾರಲ್ಲ, ಅದನ್ನೂ ಬರ್ಕೊಂಡ ಬಂದೀರೇನು?

ಮಹಾದೇವಿ: ಅದನ್ನ ಬಾಳ ಸಲ ಬರದ ಇಟ್ಟಿರಂಗಿಲ್ಲ. ಹೌದನ್ನೋರು ಹೌದು ಅಂತ ಕೂಗ್ತಾರ, ಬ್ಯಾಡನ್ನೋರು ಬ್ಯಾಡ ಅಂತ ಕೂಗ್ತಾರ. ಯಾವ ದನಿ ದೊಡ್ಡದೋ ಅದು ಪಾಸು. ಯಾರ ಬಾಯಾಗ ಏನ ಬಂತು ಅಂತ ಬರ್ಕೊಳ್ಳಂಗಿಲ್ಲ.

ನಾನು: ಅಂದ್ರ ದಾದರಿನ ಹೂವಿನ ಬಜಾರ.

ಮಹಾದೇವಿ: ಅಲ್ಲಿ ಕೂಗಿದ ಮ್ಯಾಲ ಹೂವರ ಸಿಗ್ತಾವ.

ನಾನು: ಬಟನ್ ಒತ್ತೋದು ಇರಂಗಿಲ್ಲೇನು?

ಮಹಾದೇವಿ: ಯಾರರ ಹಟಾ ಹಿಡದ್ರ ಇರ್ತೈತಿ. ಆವಾಗ ಪಾರ್ಟಿ ಯಾವುದು ಒತ್ತು ಅಂತೈತೋ ಅದನ್ನ ಒತ್ತಬೇಕು. ನಮ್ಮವರು ಒಂದೂ ತಪ್ಪಿಸಿಲ್ಲ.

ನಾನು: ನಿಷ್ಠಾವಂತರು ಅಂತ ಬರೀಲೇನು?

ಮಹಾದೇವಿ: ಬೆರಳು ನಿಷ್ಠಾವಂತ ಅಂತ ಬರೀರಿ. ಅಥವಾ ಇದನ್ನ ಬರೀರಿ.

ಆಕೆ ಚೀಟಿ ಚಾಚಿದಳು. ಅದರಲ್ಲಿ ದುಂಡಗೆ ಹೀಗೆ ಬರೆದಿತ್ತು: "ತಮ್ಮ ಹಾಜರಿ ನೂರಕ್ಕೆ ಎಂಬತ್ತೇಳು. ತಮ್ಮ ಪ್ರಶ್ನೆಗಳು ಇನ್ನೂರ ನಲವತ್ತಮೂರು. ನಮ್ಮ ರೈಲಿನ ಬಗ್ಗೆ ಸೊನ್ನೆ. ಇನ್ನೂರ ನಲವತ್ತನಾಲ್ಕನೆಯದು ಅದೇ ಆಗಲಿ ಎಂದು ಹಾರೈಸುತ್ತೇವೆ."

ನಾನು: ತಾಯಿ, ಇದು ಮಾನಪತ್ರ ಅಲ್ಲ, ನೋಟೀಸು.

ಮಹಾದೇವಿ: ಹೌದು. ಹಾರ ಹಾಕಿ ಕೊಡೋ ನೋಟೀಸು. ನಾಕನೂರು ಮಂದಿ ಮುಂದ ಓದಾಕಿ ನಾನು. ಓದಿದ್ರ ಇದನ್ನ ಓದ್ತೀನಿ.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಗುರಲಿಂಗಪ್ಪ ಶಾಲು ನೋಡಲು ಬಂದರು. ಪರೇಲಿನಲ್ಲಿ ಕ್ಯಾಂಟೀನು ನಡೆಸುವ ಇವರು ನೋಡಲು ಜೋರು, ಒಳಗೆ ಮೆತ್ತಗೆ. ಚೀಟಿ ಓದಿದವರೇ ನಾನು ಆಗಷ್ಟೇ ಮಡಿಚಿಟ್ಟ ಶಾಲುಗಳ ಮೇಲೆ ಕುಸಿದು ಕೂತರು.

ಗುರಲಿಂಗಪ್ಪ: ಅರೆ ಬಾಪ್ರೆ! ಸೊನ್ನಿ ಅಂತ ಫ್ರೇಮ್ ಹಾಕ್ಸಿ ಕೊಡ್ತೀರೇನು? ಸಾಬ್ ಅದನ್ನ ಆಫೀಸಿನಾಗ ಎಲ್ಲಿ ತೂಗ ಹಾಕ್ಬೇಕು?

ಮಹಾದೇವಿ: ಕನ್ನಡಿ ಬಾಜೂಕ.

ಗುರಲಿಂಗಪ್ಪ: ಎರಡು ವರ್ಷ ತಿರಗಿ ಡೇಟ್ ತಗೊಂಡೀನಿ. ಹಾರ ಹಾಕೋವಾಗ ಪುಢಾರಿಗೆ ಏನೂ ಕೇಳಬಾರದು ಅಕ್ಕಾರ. ಮುಂದ ಯಾವಾಗರ ಕೇಳಬೇಕು.

ಮಹಾದೇವಿ: ನಾಕ ಮಂದಿ ಎಂಪಿ ಆಗಿ ಹ್ವಾದ್ರು, ಆ 'ಯಾವಾಗರ' ಬರಲಿಲ್ಲ.

ಗುರಲಿಂಗಪ್ಪ: ನನ್ನ ಮಾತ ಬ್ಯಾಡ. ಸಾಬ್‌ರ ಆಫೀಸಿನಿಂದಾನ ಹೇಳಸ್ತೀನಿ, ರುಕಿಯೇ.

ಅವರು ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆ ಎಂಪಿಯವರ ಸಹಾಯಕಿ ರಾಧಿಕಾ. ಮಂಗಳೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡವನ್ನು ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ ಮಾತಾಡುತ್ತಾಳೆ.

ಗುರಲಿಂಗಪ್ಪ: ಮ್ಯಾಡಮ್, ಇಲ್ಲೊಬ್ರು ಸಾಬ್‌ರ ಹಾಜರಿ, ಪ್ರಶ್ನೆ ಎಲ್ಲಾ ಎಣಿಸ್ಕೊಂಡ ಬಂದಾರ. ಮಾನಪತ್ರದಾಗ ಹಾಕಬೇಕಂತ. ಬ್ಯಾಡ ಅಂತ ಹೇಳ್ರಿ, ಪ್ಲೀಸ್.

ರಾಧಿಕಾ: ಬೇಡ ಯಾಕೆ ಅಂಕಲ್? ಬಹುತ್ ಅಚ್ಛಾ! ಆ ಟೂ ಫಾರ್ಟಿ ತ್ರೀ ಕ್ವೆಶ್ಚನ್ ಎಲ್ಲ ಬರೆದು ಕೊಟ್ಟದ್ದು ನಾನೇ. ಯಾರೂ ಇದುವರೆಗೆ ಓದಲೇ ಇಲ್ಲ!

ಮಹಾದೇವಿ: ಒಂಟಿ ಪ್ರಶ್ನೆ ನೀವ ಬರದದ್ದೇನವ್ವ?

ರಾಧಿಕಾ: ಅದು... ಆ ದಿನ ಏನೂ ಸಿಗ್ಲಿಲ್ಲ ಆಂಟಿ. ಜನ ಬರ್ತಾರೆ, ಶಾಲು ಹಾಕ್ತಾರೆ, ಫೋಟೋ ತೆಗೀತಾರೆ, ಹೋಗ್ತಾರೆ. ಯಾರೂ ಏನೂ ಕೇಳುದೇ ಇಲ್ಲ. ಮತ್ತೆ ನಾನು ಎಲ್ಲಿಂದ ತರ್ಲಿ? ಗೂಗಲ್ ಮಾಡ್ತೇನೆ.

ಮಹಾದೇವಿ ಅಧ್ಯಕ್ಷರ ಕಡೆ ನೋಡಿದಳು. ಅಧ್ಯಕ್ಷರು ಪೇಟಗಳ ಕಡೆ ನೋಡಿದರು.

ಮಹಾದೇವಿ: ಹಂಗಾರ ನಮ್ಮ ಗಾಡೀದು ಬರ್ಕೋ ಮಗಳ. ಜನರಲ್ ಡಬ್ಬಿ ಎರಡ ಅದಾವ, ಮೊದಲಿನಂಗ ನಾಕ ಆಗಬೇಕು.

ರಾಧಿಕಾ: ಬರೀತೇನೆ. ಆದ್ರೆ ಸರ್ ಫಸ್ಟ್ ಒಂದೇ ಕೇಳ್ತಾರೆ, ಇವರದ್ದು ನಮ್ಮ ಏರಿಯಾದಲ್ಲಿ ವೋಟು ಎಷ್ಟು ಉಂಟು ಅಂತ. ನಿಮ್ಮ ಸಂಘದಲ್ಲಿ ಮೆಂಬರ್ ಎಷ್ಟು?

ಗುರಲಿಂಗಪ್ಪ: ಆರನೂರ ನಲವತ್ತು!

ರಾಧಿಕಾ: ವಾವ್. ಅಷ್ಟೂ ಜನರ ಲಿಸ್ಟ್ ಕಳಿಸಿ. ವೋಟು ಎಲ್ಲ ಇಲ್ಲಿಯೇ ಅಲ್ವಾ?

ಗುರಲಿಂಗಪ್ಪ: ಹಲೋ? ಹಲೋ? ನೆಟ್‌ವರ್ಕ್ ಇಲ್ಲ ಮ್ಯಾಡಮ್.

ನೆಟ್‌ವರ್ಕು ಚೆನ್ನಾಗಿಯೇ ಇತ್ತು. ಅವರೇ ಗುಂಡಿ ಒತ್ತಿದರು.

ಮಹಾದೇವಿ: ನಿಮ್ಮ ವೋಟು ಎಲ್ಲೈತ್ರಿ ಅಧ್ಯಕ್ಷರ?

ಗುರಲಿಂಗಪ್ಪ: ಇಂಡಿ ತಾಲೂಕಿನಾಗ.

ಮಹಾದೇವಿ: ಮುಂಬೈಕ ಬಂದು ಎಷ್ಟು ವರ್ಷ ಆತು?

ಗುರಲಿಂಗಪ್ಪ: ಮೂವತ್ತೊಂದು. ಆದ್ರ ಅಲ್ಲಿ ಹೆಸರ ತಗಸಿದ್ರ ಊರ ಬಿಟ್ಟಂಗ ಅನಸ್ತೈತಿ ನೋಡ್ರಿ.

ಮಹಾದೇವಿ: ಮತ್ತ ಹೋಗಿ ಹಾಕಿ ಬರ್ತೀರಿ?

ಗುರಲಿಂಗಪ್ಪ: ಹೆಂಗ ಹೋಗೋದು? ಗಾಡ್ಯಾಗ ಜಾಗಾ ಸಿಗಬೇಕಲ್ಲ!

ನಾನು ಶಾಲು ಮಡಿಚುವ ಕೆಲಸಕ್ಕೆ ಬಿದ್ದೆ. ಮಡಿಚಿದ್ದನ್ನೇ ಮತ್ತೊಮ್ಮೆ ಮಡಿಚಿದೆ.

ಮಹಾದೇವಿ: ಶೆಟ್ಟೆಪ್ಪಣ್ಣ, ನಿಮ್ಮದು?

ನಾನು: ಜಮಖಂಡ್ಯಾಗ.

ಮಹಾದೇವಿ: ಕಡೀಕ ಹಾಕಿದ್ದು ಯಾವಾಗ?

ನಾನು: ನಮ್ಮ ಸೋದರಮಾವ ಪಂಚಾಯ್ತಿಗೆ ನಿಂತಾಗ.

ಮಹಾದೇವಿ: ಆರಿಸಿ ಬಂದ್ರೇನು?

ನಾನು: ಇಲ್ಲ. ಎರಡು ವೋಟಿಲೆ ಬಿದ್ದ. ಅವ ತೀರಿಕೊಂಡ ಇಪ್ಪತ್ತೆರಡು ವರ್ಷ ಆತು.

ಮಹಾದೇವಿ: ಎಂಪಿಯವರ ಹಾಜರಿ ಎಂಬತ್ತೇಳು. ನಿಮ್ಮದೆಷ್ಟು? ಬಾಯಿ ಬಿಟ್ಟ ಹೇಳ್ರಿ.

ನಾನು: ...ಸೊನ್ನಿ.

ಮಹಾದೇವಿ: ಮನಿ ಮನಿಗೆ ಹೋಗಿ ಕೇಳಿ ಬಂದೀನಿ. ಆರನೂರ ನಲವತ್ತರಾಗ ಇಲ್ಲಿ ವೋಟು ಇರೋದು ನಲವತ್ತೊಂದು ಮಂದೀದು. ನಾ ಬಂದಾಗಿಂದ ಒಂದೂ ಎಲೆಕ್ಷನ್ ತಪ್ಪಿಸಿಲ್ಲ. ನಲವತ್ತೊಂದು ಮಂದಿ ಸಲುವಾಗಿ ರೈಲಿಗೆ ಡಬ್ಬಿ ಹಚ್ತಾರೇನ್ರಿ?

ಆಕೆ ಫೈಲಿನ ತಳದಿಂದ ಒಂದು ಕಟ್ಟು ತೆಗೆದು ಇಟ್ಟಳು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸುವ ಫಾರಂಗಳು. ನಾನು ಇಡೀ ಹೊತ್ತು ಈ ಫೈಲು ಎಂಪಿಯವರ ವಿರುದ್ಧ ತಂದದ್ದು ಎಂದೇ ತಿಳಿದಿದ್ದೆ. ಮಾಲು ನೋಡಿ ಬೆಲೆ ಹೇಳುವ ನನ್ನ ಕಣ್ಣು ಆ ದಿನ ಕೈಕೊಟ್ಟಿತು.

ಗುರಲಿಂಗಪ್ಪ: ನಮ್ಮ ಮಂದಿ ಇದನ್ನ ತುಂಬ್ತಾರೇನು? ತಪ್ಪಿಸ್ಕೊಳ್ಳಾಕ ನೂರಾ ಎಂಟು ನೆಪ ಹೇಳ್ತಾರ.

ನಾನು: ಊಟದ ಹಾಲ್ ಬಾಗಲಾಗ ಒಂದು ಟೇಬಲ್ ಹಾಕ್ರಿ. ಫಾರಂ ತುಂಬಿದವರಿಗೆ ಮೊದಲ ಪಂಕ್ತಿ. ನಮ್ಮ ಮಂದಿ ಭಾಷಣ ಬಿಟ್ಟಾರು, ಮೊದಲ ಪಂಕ್ತಿ ಬಿಡೋರಲ್ಲ.

ಮಹಾದೇವಿ: ಈಗ ವ್ಯಾಪಾರಸ್ಥರಂಗ ಮಾತಾಡಿದ್ರಿ. ಮೊದಲ ನಿಮ್ಮದು ತುಂಬ್ರಿ. ಇಲ್ಲಿ, ಸಹಿ.

ಭಾನುವಾರ ಹೋಳಿಗೆ ಊಟವಿತ್ತು. ಇನ್ನೂರ ತೊಂಬತ್ತೇಳು ಫಾರಂ ಬಿದ್ದವು. ಮೊದಲ ಪಂಕ್ತಿಯೇ ಮೂರು ಪಂಕ್ತಿಯಾಯಿತು. ಎಂಪಿ ಸಾಹೇಬರು ಒಂದೂವರೆ ಗಂಟೆ ತಡವಾಗಿ ಬಂದರು. ಮಹಾದೇವಿ ಕರುಣಾಮಯಿ, ವಾಗ್ಮಿ, ಧೀಮಂತ ಎಲ್ಲವನ್ನೂ ಒಂದೇ ಉಸಿರಿಗೆ ಓದಿ ಮುಗಿಸಿ, ತನ್ನ ನಾಲ್ಕು ಸಾಲನ್ನು ಮಾತ್ರ ಬಿಡಿಸಿ ಬಿಡಿಸಿ ಓದಿದಳು. ರಾಧಿಕಾ ಅದನ್ನು ಸಾಹೇಬರ ಕಿವಿಯಲ್ಲಿ ಮರಾಠಿಗೆ ಇಳಿಸಿದಳು. ಅವರ ಮುಖ ಸೊನ್ನೆಯ ಹತ್ತಿರ ಬಂದಾಗ ಸಣ್ಣದಾಯಿತು, ತುಂಬಿದ ಫಾರಂಗಳ ಕಟ್ಟು ಕಂಡಾಗ ಮತ್ತೆ ಅಗಲವಾಯಿತು. ರೈಲಿನ ಪ್ರಶ್ನೆ ಬರೆದುಕೊಳ್ಳಲು ಪೆನ್ನು ಕೇಳಿದರು. ಗುರಲಿಂಗಪ್ಪ ಕೊಟ್ಟ ಪೆನ್ನು ಬರೆಯಲಿಲ್ಲ, ನನ್ನದು ಬರೆಯಿತು.

ಮುಂದಿನ ಅಧಿವೇಶನದಲ್ಲಿ ಇನ್ನೂರ ನಲವತ್ತನಾಲ್ಕನೆಯ ಪ್ರಶ್ನೆ ಬಂತು. ಪರಿಶೀಲನೆಯಲ್ಲಿದೆ ಎಂದು ಉತ್ತರವೂ ಬಂತು. ದೀಪಾವಳಿಗೆ ಮೊದಲು ಒಂದು ಡಬ್ಬಿಯೂ ಬಂತು. ಎರಡು ಕೇಳಿ ಒಂದು ಪಡೆಯುವುದು ವ್ಯಾಪಾರದಲ್ಲಿ ಸೋಲಲ್ಲ ಎಂದು ನಾನು ಸಮಾಧಾನ ಹೇಳಿದೆ.

ಮಹಾದೇವಿ: ಸಮಾಧಾನ ಬ್ಯಾಡ. ಕುಂತ ಹೋಗಿ ಕುಂತ ಬಂದೀವಿ. ಚಳಿಗಾಲದ ಅಧಿವೇಶನಕ್ಕ ಇನ್ನೊಂದು ಕೇಳಸ್ತೀನಿ.

ನಾನು ವಾಸವಿರುವುದೂ ಆಂಟಾಪ್ ಹಿಲ್ಲಿನಲ್ಲೇ; ಆ ಬಿಲ್ಡಿಂಗಿನ ವಿಳಾಸ ಹೊತ್ತ ಹೊಸ ಮತದಾರರ ಕಾರ್ಡು ಅಂಚೆಯಲ್ಲಿ ಬಂದಿದೆ. ಯಾರಿಗೆ ಹಾಕಬೇಕೆಂದು ಆಕೆ ಹೇಳಿಲ್ಲ, ನಾನೂ ಕೇಳಿಲ್ಲ. ಮತದಾನದ ದಿನ ಅಂಗಡಿ ಮುಚ್ಚಿ ಸಾಲಿನಲ್ಲಿ ನಿಲ್ಲುತ್ತೇನೆಂದು ಮಾತು ಕೊಟ್ಟಿದ್ದೇನೆ. ಚುನಾವಣೆ ಇನ್ನೂ ಬಂದಿಲ್ಲ. ಬರುವ ತನಕ ಮಹಾದೇವಿಗೆ ಕೊಡಬೇಕಾದ ಒಂದು ದಿನದ ಹಾಜರಿ ನನ್ನ ಲೆಕ್ಕದಲ್ಲಿ ಬಾಕಿ ಇದೆ.