ಗೋಡೆಯ ಮೇಲಿನ ಫ್ರೆಂಚ್ ವೈಮಾನಿಕ

'ಗೊತ್ತಿಲ್ಲ' ಎಂದು ಹೇಳುವ ಅಭ್ಯಾಸ ನನಗಿಲ್ಲ. ಇದು ಜಂಬವಲ್ಲ, ವೃತ್ತಿಯಿಂದ ಅಂಟಿಕೊಂಡದ್ದು. ಅರಸೀಕೆರೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಮಕ್ಕಳ ಎದುರು ಮೇಷ್ಟ್ರು ಒಮ್ಮೆ ತಡವರಿಸಿದರೆ ಮುಗಿಯಿತು, ಆಮೇಲೆ ಅವರು ಗುರುತ್ವಾಕರ್ಷಣೆಯನ್ನೂ ನಂಬುವುದಿಲ್ಲ. ಹಾಗಾಗಿ ಏನು ಕೇಳಿದರೂ ಉತ್ತರ ಕೊಟ್ಟುಬಿಡುವುದು ರೂಢಿಯಾಯಿತು. ಒಂದು ಸಲ ಹಳೇಬೀಡಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಅಲ್ಲಿಯ ಗೈಡ್ ಒಂದು ಶಿಲ್ಪದ ಬಗ್ಗೆ ಏನೋ ಹೇಳುತ್ತಿದ್ದ. ನಾನು ನಡುವೆ ಬಾಯಿ ಹಾಕಿ ತಿದ್ದಿದೆ. ಅವನ ಗಿರಾಕಿಗಳೆಲ್ಲ ಅವನನ್ನು ಬಿಟ್ಟು ನನ್ನ ಹಿಂದೆ ಬಂದರು. ನಾನು ಹೇಳಿದ್ದು ಸರಿಯೋ ತಪ್ಪೋ ಈಗ ನೆನಪಿಲ್ಲ. ಹೇಳಿದ ಧಾಟಿ ಮಾತ್ರ ಚೆನ್ನಾಗಿತ್ತು.

ನಿವೃತ್ತನಾದ ಮೇಲೆ ಕೇಳುವವರು ಕಡಿಮೆಯಾದರು, ಉತ್ತರಗಳು ಹಾಗೇ ಉಳಿದವು. ಆಗ ನನ್ನ ಕೈಗೆ ಸಿಕ್ಕಿದ್ದು ಫ್ರಾನ್ಸ್ ದೇಶದ ಹಳೆಯ ವಿಮಾನಗಳ ಫೋಟೋಗಳು. ಅಲ್ಲಿಯ ಯಾವುದೋ ಗ್ರಂಥಾಲಯದವರು ನೂರು ವರ್ಷಕ್ಕೂ ಹಿಂದಿನ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು. ಬಟ್ಟೆ, ಬಿದಿರು, ತಂತಿಗಳಿಂದ ಕಟ್ಟಿದ ಆ ವಿಮಾನಗಳನ್ನು ನೋಡುತ್ತಾ ಕೂತರೆ ನನಗೆ ಕಾಫಿ ಆರಿದ್ದೂ ತಿಳಿಯುತ್ತಿರಲಿಲ್ಲ. ನಾನಂತೂ ಈವರೆಗೆ ವಿಮಾನ ಹತ್ತಿಲ್ಲ. ಫ್ರೆಂಚ್ ಭಾಷೆಯೂ ಬರುವುದಿಲ್ಲ. ಆದರೆ ಚಿತ್ರ ಕಣ್ಣೆದುರಿಗೇ ಇರುವಾಗ ಅದರ ಕೆಳಗೆ ಬರೆದದ್ದನ್ನು ಓದುವ ಅಗತ್ಯವೇನಿದೆ ಎನ್ನುವುದು ನನ್ನ ನಿಲುವಾಗಿತ್ತು.

ಅವುಗಳಲ್ಲಿ ಒಂದು ಚಿತ್ರಕ್ಕೆ ಮಾರುಹೋದೆ. ಎರಡು ಜೊತೆ ರೆಕ್ಕೆಯ ವಿಮಾನ. ಅದರ ಮುಂದೆ ದಟ್ಟ ಮೀಸೆಯ ಆಜಾನುಬಾಹು, ಸೊಂಟದ ಮೇಲೆ ಕೈಯಿಟ್ಟು, ಆಕಾಶವನ್ನೇ ಗೆದ್ದು ಬಂದವನಂತೆ ನಿಂತಿದ್ದಾನೆ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಬೇಲೂರಿಗೆ ಹೋದೆ. ಅಲ್ಲಿ ನನ್ನ ಹಳೆಯ ಶಿಷ್ಯ ರಂಗಸ್ವಾಮಿಯ ಫೋಟೋ ಅಂಗಡಿಯಿದೆ. ಚಿತ್ರದ ಬಲ ಅಂಚಿನಲ್ಲಿ ಒಬ್ಬ ಸಣಕಲ ತಲೆಯ ಮೇಲೆ ಕೈ ಹೊತ್ತು ನೆಲದಲ್ಲಿ ಕುಳಿತಿದ್ದ. "ಸಾರ್, ಇವರ್ಯಾರು? ಇವರನ್ನೂ ಇಟ್ಕೊಳ್ಳೋಣ್ವಾ?" ಎಂದು ರಂಗಸ್ವಾಮಿ ಕೇಳಿದ. "ಯಾರೋ ಕೆಲಸದವನಪ್ಪ. ವೀರನ ಪಕ್ಕದಲ್ಲಿ ಅವನ್ಯಾಕೆ? ಕತ್ತರಿಸು" ಎಂದೆ. ಅವನು ಕತ್ತರಿಸಿದ.

ಚಿತ್ರ ನಮ್ಮ ನಡುಮನೆಯಲ್ಲಿ, ನನ್ನ ತಂದೆಯವರ ಫೋಟೋದ ಪಕ್ಕದಲ್ಲಿ ನೇತುಬಿದ್ದಿತು. ನನ್ನ ಹೆಂಡತಿ ಗಿರಿಜೆಗೆ ಇದು ಸರಿಬೀಳಲಿಲ್ಲ. "ಬಂದೋರೆಲ್ಲ ಇವರು ನಿಮ್ಮ ತಾತನಾ ಅಂತಾರೆ ಕಣ್ರೀ. ನಾನು ಎಷ್ಟು ಜನಕ್ಕೆ ಅಂತ ಹೇಳ್ಲಿ?" ಎಂದಳು. ವಾರಗಟ್ಟಲೆ ವಾದ ನಡೆದು ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ನನ್ನ ಬೆಳಗಿನ ವಾಕಿಂಗ್ ಗೆಳೆಯರು ಮನೆಗೆ ಬರುವುದು, ನಾನು ಚಿತ್ರದ ಬಗ್ಗೆ ಮಾತಾಡುವುದು; ಅವರು ಮೆಚ್ಚಿದರೆ ಅದು ಗೋಡೆಯಲ್ಲಿರುವುದು, ಇಲ್ಲದಿದ್ದರೆ ಸೋಮವಾರ ಅಟ್ಟ ಸೇರುವುದು. ನಾನು ನಿಶ್ಚಿಂತನಾಗಿದ್ದೆ. ಮಾತಿನಲ್ಲಿ ನಾನು ಸೋತ ದಾಖಲೆ ಇಲ್ಲ.

ಅದೇ ವಾರ ಕಣಕಟ್ಟೆಯಿಂದ ನಮ್ಮ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಲು ಬಂದರು. ಎಂಬತ್ತು ದಾಟಿದ ಜೀವ, ರಾಗಿ ಹೊಲ ತೆಂಗಿನ ತೋಟ ಎಂದು ಈಗಲೂ ಸುತ್ತುವವರು. ಬಂದ ಮರುದಿನ ಸ್ನಾನ ಮಾಡಿ, ಮಂಜುಗಣ್ಣಿನಲ್ಲೇ ತಡಕಾಡಿ, ನಮ್ಮ ತಂದೆಯ ಫೋಟೋಗೆ ಒಂದು ಸೇವಂತಿಗೆ, ಫ್ರೆಂಚರವನಿಗೆ ಒಂದು ಸೇವಂತಿಗೆ ಇಟ್ಟು ಇಬ್ಬರಿಗೂ ಕುಂಕುಮ ಹಚ್ಚಿದರು. "ದೊಡ್ಡಮ್ಮ, ಅವರು ನಮ್ಮೋರಲ್ಲ, ಫ್ರಾನ್ಸಿನವರು" ಎಂದೆ. "ಅವ್ರಾ, ಹೋದ್ರಾ?" ಎಂದರು. ಹೋಗಿ ಬಹಳ ಕಾಲವಾಯಿತು ಎಂದೆ. "ಹೋದೋರು ಯಾರಾದ್ರೇನು, ಒಂದು ಹೂವು ಏನು ಭಾರನಾ?" ಎಂದರು. ಗಿರಿಜೆ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ.

ಭಾನುವಾರ ಆರು ಜನ ಗೆಳೆಯರು ಬಂದರು. ಉಪ್ಪಿಟ್ಟು, ಕಾಫಿ ಆದ ಮೇಲೆ ನಾನು ಹಳೆಯ ಬೆತ್ತ ಹಿಡಿದು ಎದ್ದೆ. ಈ ವೈಮಾನಿಕನ ಎದೆಗಾರಿಕೆ, ಅವನ ನಿಲುವು, ಎಲ್ಲವನ್ನೂ ವಿವರಿಸಿದೆ. ಕಾಲಿನಲ್ಲಿ ಮರದ ಮೆಟ್ಟು ಯಾಕೆ ಎಂದು ಒಬ್ಬರು ಕೇಳಿದರು. "ಎಂಜಿನ್ನಿನಿಂದ ಶಾಕ್ ಹೊಡೆಯದಿರಲಿ ಅಂತ. ಮರದಲ್ಲಿ ವಿದ್ಯುತ್ ಹರಿಯುವುದಿಲ್ಲ" ಎಂದೆ. ಎಲ್ಲರೂ ತಲೆದೂಗಿದರು. ನಿವೃತ್ತ ಪೋಸ್ಟ್‌ಮಾಸ್ಟರ್ ಚಂದ್ರಪ್ಪನವರಂತೂ ಅಂತರ್ಜಾಲದಲ್ಲಿರುವ ಆ ಚಿತ್ರದ ಲಿಂಕನ್ನು ನನ್ನಿಂದ ಕಳಿಸಿಕೊಂಡು ತಮ್ಮ ಫೋನಿನಲ್ಲಿ ತೆರೆದರು. ಗೋಡೆ ನನ್ನದಾಯಿತು ಎಂದುಕೊಂಡೆ.

ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ದೊಡ್ಡಮ್ಮ ಎದ್ದರು. ಆಪರೇಷನ್ ಆಗಿ ಮೂರು ದಿನವಾಗಿತ್ತು. ಕಪ್ಪು ಕನ್ನಡಕ ಮೇಲಕ್ಕೆತ್ತಿ, ಚಿತ್ರದ ಹತ್ತಿರ ಮುಖವಿಟ್ಟು ನಿಧಾನವಾಗಿ ನೋಡಿದರು.

"ಇವ್ನು ಹಾರೋನಲ್ಲ ಕಣ್ಲಾ ಮಗ, ಹೊಲದೋನು" ಎಂದರು. "ಮೆಟ್ಟಿಗೆ ಮೆತ್ತಿರೋ ಮಣ್ಣು ನೋಡು. ಹಿಂದ್ಗಡೆ ತೆನೆಯೆಲ್ಲಾ ಮಕಾಡೆ ಮಲಗೈತೆ. ಈ ಗಾಡಿ ತಂದು ಬೆಳೆ ಮ್ಯಾಲೆ ಇಳ್ಸವ್ರೆ. ಎಮ್ಮೆ ನಮ್ ರಾಗಿ ಹೊಲಕ್ಕೆ ನುಗ್ಗಿದಾಗ ನಿಮ್ ದೊಡ್ಡಪ್ಪನೂ ಎಮ್ಮೆಯೋರ ಮನೆ ಮುಂದೆ ಹಿಂಗೇ ಸೊಂಟದ ಮ್ಯಾಲೆ ಕೈ ಇಟ್ಕಂಡು ನಿಂತಿದ್ರು."

ನಾನು ನಕ್ಕು ತಿದ್ದಲು ಬಾಯಿ ತೆರೆದೆ. ಆದರೆ ಚಂದ್ರಪ್ಪನವರು ಚಿತ್ರದ ಕೆಳಗಿನ ಫ್ರೆಂಚ್ ಸಾಲನ್ನು ಫೋನಿನಲ್ಲೇ ಕನ್ನಡ ಮಾಡಿಸಿ ಗಟ್ಟಿಯಾಗಿ ಓದತೊಡಗಿದ್ದರು. "ಎಂಜಿನ್ ಕೆಟ್ಟು ಗೋಧಿ ಹೊಲದಲ್ಲಿ ಇಳಿದ ವಿಮಾನ. ನಿಂತಿರುವವರು ಹೊಲದ ಯಜಮಾನರು. ಬಲಗಡೆ ಕುಳಿತಿರುವವರು ವೈಮಾನಿಕ." ಆರು ಜನರೂ ಚಿತ್ರದ ಬಲಗಡೆ ನೋಡಿದರು. ಅಲ್ಲಿ ಕಟ್ಟಿನ ಮರ ಇತ್ತು. "ವೈಮಾನಿಕ ಎಲ್ಲಿ ಮೇಷ್ಟ್ರೇ?" ಎಂದು ಚಂದ್ರಪ್ಪನವರು ಕೇಳಿದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ತಿಂಗಳುಗಟ್ಟಲೆ ತಂತಿ, ರೆಕ್ಕೆ, ಗಾಲಿ ಎಲ್ಲ ನೋಡಿದವನು ಒಬ್ಬ ಮನುಷ್ಯನ ಮುಖದ ಸಿಟ್ಟನ್ನೂ ಇನ್ನೊಬ್ಬನ ಸಂಕಟವನ್ನೂ ನೋಡಿರಲಿಲ್ಲ.

ಸೋಮವಾರ ನಾನೇ ಸ್ಟೂಲು ಹತ್ತಿ ಚಿತ್ರ ಇಳಿಸಲು ಹೋದೆ. ಗಿರಿಜೆ ತಡೆದಳು. "ಇರ್ಲಿ ಬಿಡ್ರೀ. ಬೇಸಾಯದೋರು ಅಂದ್ಮೇಲೆ ನಮ್ಮೋರೇ ಆದ್ರಲ್ಲ" ಎಂದಳು. ಈಗ ದಿನಾ ಅವಳೇ ಆತನಿಗೆ ಹೂವಿಡುತ್ತಾಳೆ.

ನಾನು ಬೇಲೂರಿಗೆ ಫೋನ್ ಮಾಡಿ, ಅವತ್ತು ಕತ್ತರಿಸಿದ ತುಂಡು ಇದೆಯೇ ಎಂದು ವಿಚಾರಿಸಿದೆ. ಅದು ಕಸಕ್ಕೆ ಹೋಯಿತೆಂದು ರಂಗಸ್ವಾಮಿ ಹೇಳಿದ. ಆಮೇಲೆ, "ಯಾಕೆ ಸಾರ್, ಅವರು ಯಾರು ಅಂತ ಗೊತ್ತಾಯ್ತಾ?" ಎಂದು ಕೇಳಿದ.

ನನ್ನ ಜೀವಮಾನದಲ್ಲಿ ಅಷ್ಟು ಖಚಿತವಾಗಿ ಗೊತ್ತಿದ್ದ ಉತ್ತರ ಇನ್ನೊಂದಿಲ್ಲ. "ಗೊತ್ತಿಲ್ಲಪ್ಪ" ಎಂದು ಹೇಳಿ ಫೋನಿಟ್ಟೆ.