ನನಗೊಬ್ಬಳಿಗೇ ಕಂಡ ಸೊರಬ

ಯಾರಾದರೂ 'ನನ್ನ ಕಣ್ಣಾರೆ ಕಂಡೆ' ಎಂದರೆ ನಾನೀಗ ತಟ್ಟನೆ ನಂಬುವುದಿಲ್ಲ. ಹಾಗೆ ಹೇಳುತ್ತಿರುವುದು ನಾನೇ ಆಗಿದ್ದರಂತೂ ಇನ್ನೊಬ್ಬರನ್ನು ಕೇಳಿಯೇ ಮುಂದುವರಿಯುತ್ತೇನೆ. ಐವತ್ತು ದಾಟಿದ ಮೇಲೆ ಕಲಿತ ಪಾಠ ಇದು. ಕಲಿಸಿದ್ದು ಕಣ್ಣಿನ ಡಾಕ್ಟರಲ್ಲ, ಒಂದು ವೆಬ್‌ಸೈಟು.

ಶಿಕಾರಿಪುರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಅಂಕಪಟ್ಟಿ, ಜಾತಕ, ಏನು ತಂದರೂ ಒಂದಕ್ಕೆ ಹತ್ತು ಮಾಡಿಕೊಡುತ್ತೇನೆ. ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರೂ ಇದೆ. ಕಂಪ್ಯೂಟರಿನ ಪಕ್ಕದಲ್ಲಿ ಕೂರುವವರಿಗೆ ಕಂಪ್ಯೂಟರ್ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಹಾಗೆ ನೋಡಿದರೆ ನಮ್ಮೆಜಮಾನರು ಮದುವೆಯಾದಾಗಿನಿಂದ ನನ್ನ ಪಕ್ಕದಲ್ಲೇ ಕೂರುತ್ತಿದ್ದಾರೆ, ನನ್ನ ಬಗ್ಗೆ ಅವರಿಗೆ ಏನು ತಿಳಿದಿದೆ ಎಂಬುದು ಬೇರೆ ಮಾತು. ಅಂತೂ ನಮ್ಮ ಹುಡುಗಿಯರ ಹೈಸ್ಕೂಲಿನ ಹಳೆ ವಿದ್ಯಾರ್ಥಿನಿಯರೆಲ್ಲ ಸೇರಿ ಸಂಘ ಕಟ್ಟಿದಾಗ ವೆಬ್‌ಸೈಟಿನ ಹೊಣೆ ನನ್ನ ತಲೆಗೆ ಬಂತು. ನಾನೂ ಬೇಡ ಎನ್ನಲಿಲ್ಲ. ಯಾರೋ ಮಾಡಿಟ್ಟದ್ದನ್ನು ನಕಲು ಮಾಡಿ ಕೊಡುವವಳಿಗೆ ಸ್ವಂತದ್ದೊಂದು ಮಾಡುವ ಆಸೆ ಇರುವುದಿಲ್ಲವೆ?

ಸಂಘ ಕಟ್ಟಿದ್ದೇ ಖೈರುನ್ನಿಸಾ ಟೀಚರಿಗಾಗಿ. ಅವರು ನಮಗೆ ಹೊಲಿಗೆ ಕಲಿಸುತ್ತಿದ್ದರು. ಹೊಲಿಗೆಗೆ ಪರೀಕ್ಷೆ ಇರಲಿಲ್ಲ, ಹಾಗಾಗಿ ಬೆಲೆಯೂ ಇರಲಿಲ್ಲ. ಗಣಿತದವರಿಗೆ ಪಾಠ ಮುಗಿದಿಲ್ಲ ಎಂದರೆ ಹೊಲಿಗೆಯ ಪೀರಿಯಡ್, ವಿಜ್ಞಾನದವರಿಗೆ ಮುಗಿದಿಲ್ಲ ಎಂದರೂ ಹೊಲಿಗೆಯ ಪೀರಿಯಡ್. ಟೀಚರು ಸೂಜಿ ದಾರದ ಡಬ್ಬಿ ಹಿಡಿದುಕೊಂಡು ಬಾಗಿಲವರೆಗೆ ಬಂದು, ಒಳಗೆ ಬೇರೆಯವರನ್ನು ಕಂಡು ಹಿಂದಿರುಗುತ್ತಿದ್ದರು. ಬೇಸಗೆ ರಜೆಯಲ್ಲಿ ನಿವೃತ್ತರಾದದ್ದರಿಂದ ಬೀಳ್ಕೊಡುಗೆಯೂ ಆಗಲಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಗಣಿತದಿಂದಲ್ಲ, ಅವರ ಕೈಹೊಲಿಗೆಯಿಂದ ಬದುಕು ಕಟ್ಟಿಕೊಂಡೆವು. ನನ್ನ ಮೊದಲ ಝೆರಾಕ್ಸ್ ಯಂತ್ರ ಬಂದದ್ದು ಊರವರ ರವಿಕೆ ಹೊಲಿದೇ. ಟೀಚರು ಈಗ ಸೊರಬದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗುತ್ತಿದೆ, ಕಿವಿಯೂ ಅಷ್ಟಕ್ಕಷ್ಟೆ. ಇನ್ನು ತಡ ಮಾಡಬಾರದು, ಅವರನ್ನೊಮ್ಮೆ ವೇದಿಕೆಯ ಮೇಲೆ ಕೂರಿಸಿ ಸನ್ಮಾನ ಮಾಡಬೇಕು ಎಂದು ನಿಶ್ಚಯಿಸಿದೆವು. ಶಿಕಾರಿಪುರದ ಒಂದು ಸಮುದಾಯ ಭವನ ಗೊತ್ತು ಮಾಡಿದೆವು. ನಾನು ಅದನ್ನು ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ.

ಮೊದಲ ತೊಂದರೆ ಎಂದರೆ ವೆಬ್‌ಸೈಟು ತೆರೆಯುತ್ತಲೇ ಇರಲಿಲ್ಲ. ಪ್ರತಿಯೊಬ್ಬಳೂ ತನ್ನ ಫೋಟೊ ಇರಲೇಬೇಕೆಂದು ಕಳಿಸಿದ್ದಳು, ಅದೂ ಮಗಳ ಮದುವೆಯಲ್ಲಿ ದೊಡ್ಡ ಕ್ಯಾಮರಾದಲ್ಲಿ ತೆಗೆಸಿದ್ದು. ನಾನು ಅವನ್ನೆಲ್ಲ ಬಂದ ಗಾತ್ರದಲ್ಲೇ ಏರಿಸಿಬಿಟ್ಟಿದ್ದೆ. ಸಂಘದ ಅಧ್ಯಕ್ಷೆ ರತ್ನಕ್ಕ ಸೊರಬದಿಂದ ಫೋನು ಮಾಡಿದಳು. "ಸುಮಾ, ನಿನ್ನ ವೆಬ್‌ಸೈಟ್ ಒತ್ತಿ, ಅಕ್ಕಿ ತೊಳೆದು, ಕುಕ್ಕರ್ ಇಟ್ಟು ಬಂದೆ ಮಾರಾಯ್ತಿ. ಇನ್ನೂ ನನ್ನ ಹಣೆಯವರೆಗೆ ಮಾತ್ರ ಬಂದಿದೆ."

ಫೋಟೊಗಳನ್ನು ಚಿಕ್ಕದು ಮಾಡಿದೆ. ಸ್ವಲ್ಪ ಚುರುಕಾಯಿತು, ಸಾಲಲಿಲ್ಲ. ವೆಬ್‌ಸೈಟಿಗೆ ಜಾಗ ಕೊಟ್ಟವರನ್ನು ಕೇಳಿದಾಗ, "ಕ್ಯಾಶ್ ಹಾಕಿ ಮೇಡಂ, ಎಲ್ಲ ಸರಿಹೋಗುತ್ತೆ" ಎಂದರು. ಕ್ಯಾಶ್ ಹಾಕಿದರೆ ಸರಿಹೋಗದ ಕೆಲಸ ಯಾವ ಕಚೇರಿಯಲ್ಲಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಇದು ದುಡ್ಡಿನ ಕ್ಯಾಶ್ ಅಲ್ಲ. ಯಾರಾದರೂ ಪುಟ ಕೇಳಿದಾಗಲೆಲ್ಲ ಹೊಸದಾಗಿ ಕಟ್ಟಿಕೊಡುವ ಬದಲು, ಒಮ್ಮೆ ಕಟ್ಟಿದ್ದರ ನಕಲು ಇಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಹಂಚುವುದು. ಅಂದರೆ ಝೆರಾಕ್ಸ್! ನನ್ನ ಕುಲಕಸುಬು! ಆ ಗುಂಡಿ ಒತ್ತಿದ ಮೇಲೆ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯತೊಡಗಿತು. ಹೊಗಳಿಕೆಯ ಮೇಲೆ ಹೊಗಳಿಕೆ ಬಂತು. ನಾನು ಉಬ್ಬಿ, "ಇನ್ನು ಮೇಲೆ ಏನಿದ್ದರೂ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಯಾರೂ ಏನೂ ಕೇಳಬೇಡಿ" ಎಂದು ಅಪ್ಪಣೆ ಹೊರಡಿಸಿದೆ.

ಕಾರ್ಯಕ್ರಮ ಹತ್ತಿರ ಬಂದಾಗ ಭವನದವರು ಕೈಮುಗಿದರು. ಅದೇ ದಿನಕ್ಕೆ ಒಂದು ನಿಶ್ಚಿತಾರ್ಥಕ್ಕೂ ಭವನ ಕೊಟ್ಟುಬಿಟ್ಟಿದ್ದರಂತೆ. ರತ್ನಕ್ಕ ಓಡಾಡಿ ಸೊರಬದಲ್ಲೇ ಬೇರೊಂದು ಸಭಾಂಗಣ ಹಿಡಿದಳು. ಟೀಚರಿಗೂ ಹತ್ತಿರವಾಯಿತು, ಒಳ್ಳೆಯದೇ ಆಯಿತು ಎಂದುಕೊಂಡೆವು. ನಾನು ವೆಬ್‌ಸೈಟಿನಲ್ಲಿ 'ಶಿಕಾರಿಪುರ' ಅಳಿಸಿ 'ಸೊರಬ' ಎಂದು ಬರೆದೆ. ಬರೆದು, ಮುಚ್ಚಿ, ಮತ್ತೆ ತೆರೆದು ನೋಡಿದೆ. ಸೊರಬ ಎಂದೇ ಇತ್ತು. ನನ್ನ ಫೋನಿನಲ್ಲಿ ನೋಡಿದೆ. ಅಲ್ಲೂ ಸೊರಬ.

ಮರುದಿನ ಹೊಸಬಾಳೆಯಿಂದ ಶಾಂತಾ ಕೇಳಿದಳು, "ಸೊರಬ ಅಂತಾರಲ್ಲೇ ಎಲ್ಲರೂ, ನಿನ್ನ ವೆಬ್‌ಸೈಟಲ್ಲಿ ಶಿಕಾರಿಪುರ ಅಂತಲೇ ಇದೆ?"

"ನಿನ್ನ ಫೋನು ಹಳೇದು ಶಾಂತಾ. ಆಫ್ ಮಾಡಿ ಆನ್ ಮಾಡು" ಎಂದೆ. ಇನ್ನೊಬ್ಬಳಿಗೆ ಕನ್ನಡಕ ಬದಲಿಸಲು ಹೇಳಿದೆ. ಕೊನೆಗೆ ನಮ್ಮೆಜಮಾನರೇ ತಮ್ಮ ಫೋನು ಹಿಡಿದು, "ಶಿಕಾರಿಪುರ ಅಂತ ಐತಲ್ಲೇ ಇದರಾಗ?" ಎಂದರು. ಅದನ್ನು ನೋಡುವ ಗೋಜಿಗೂ ನಾನು ಹೋಗಲಿಲ್ಲ. "ನಾನೇ ತಿದ್ದೀನಿ, ನನ್ನ ಕಣ್ಣಾರೆ ನೋಡೀನಿ, ನಿಮಗೇನ್ ಗೊತ್ತಾಗ್ತದ್ರಿ?" ಎಂದು ಬಾಯಿ ಮುಚ್ಚಿಸಿದೆ.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಸೊರಬದ ಸಭಾಂಗಣದಲ್ಲಿದ್ದೆ. ಹೂವಿನ ಅಲಂಕಾರವಾಯಿತು, ಶಾಲು, ಹಾರ, ಹಣ್ಣಿನ ತಟ್ಟೆ ಎಲ್ಲ ಜೋಡಿಸಿದೆವು. ಅಡುಗೆಯವರ ಕೇಸರಿಬಾತಿನ ಪರಿಮಳ ಬಂತು. ಜನ ಮಾತ್ರ ಬರಲಿಲ್ಲ, ಬಂದವರು ಅರ್ಧಕ್ಕಿಂತ ಕಡಿಮೆ. ಟೀಚರನ್ನು ಕರೆತರಲು ಕಾರಿನಲ್ಲಿ ಹೋದ ರತ್ನಕ್ಕ ಒಬ್ಬಳೇ ಮರಳಿದಳು. ಅವಳ ಮುಖ ಬಿಳಿಚಿತ್ತು.

"ಮನೆಯಲ್ಲಿ ಟೀಚರಿಲ್ಲ. ಬೆಳಿಗ್ಗೆಯೇ ಶಿಕಾರಿಪುರದ ಬಸ್ಸು ಹತ್ತಿದರಂತೆ."

"ನೀನು ಫೋನಿನಲ್ಲಿ ಹೇಳಿರಲಿಲ್ಲವಾ?"

"ಹೇಳಿದ್ದೆ ಕಣೇ. ಅವರು ಕೇಳಿಸಿತು ಅಂದ್ರು. ಆದರೆ ತಮ್ಮನ ಸೊಸೆ ನಿನ್ನ ವೆಬ್‌ಸೈಟ್ ತೋರಿಸಿದ್ದಾಳೆ. ಅದರಲ್ಲಿ ಶಿಕಾರಿಪುರ ಅಂತಿದೆ. 'ನನ್ನ ಕಿವಿ ಸರಿಯಿಲ್ಲ, ಬರೆದದ್ದೇ ಸರಿ' ಅಂತ ಹೇಳಿ ಹೊರಟಿದ್ದಾರೆ."

ಆಗಲೂ ನಾನು, "ವೆಬ್‌ಸೈಟಿನಲ್ಲಿ ಸೊರಬ ಅಂತ ಇದೆ" ಎಂದೆ. ರತ್ನಕ್ಕ ತನ್ನ ಫೋನು ನನ್ನ ಕೈಗೆ ಕೊಟ್ಟಳು. ಪುಟ ಎಷ್ಟು ಬೇಗ ತೆರೆಯಿತೆಂದರೆ ನನಗೆ ಉಸಿರೆಳೆದುಕೊಳ್ಳಲೂ ಬಿಡಲಿಲ್ಲ. ಸ್ಥಳ: ಶಿಕಾರಿಪುರ.

ಶಾಲು, ಹಾರ ಎತ್ತಿಕೊಂಡು, ಸಿಕ್ಕ ಕಾರು, ಟೆಂಪೊ ಹತ್ತಿ ಎಲ್ಲರೂ ಹೊರಟೆವು. ದಾರಿಯಲ್ಲಿ ನಾನು ವೆಬ್‌ಸೈಟಿನವರಿಗೆ ಫೋನು ಮಾಡಿದೆ. ಅವರು ಶಾಂತವಾಗಿ ಹೇಳಿದರು, "ನೀವು ಅದರ ಮಾಲೀಕರಲ್ವಾ ಮೇಡಂ? ಒಳಗೆ ಲಾಗಿನ್ ಆಗಿ ನೋಡ್ತೀರಿ. ನಿಮಗೆ ಯಾವಾಗಲೂ ಅಸಲಿಯೇ ಕಾಣುತ್ತೆ. ಹೊರಗಿನವರಿಗೆ ಹೋಗ್ತಿರೋದು ಹಳೇ ನಕಲು. ತಿದ್ದಿದ ಮೇಲೆ ಕ್ಯಾಶ್ ಖಾಲಿ ಮಾಡಬೇಕು."

ದಿನವಿಡೀ ಝೆರಾಕ್ಸ್ ಮಾಡುವವಳಿಗೆ ಇದು ಹೊಳೆಯಬೇಕಿತ್ತು. ಅಸಲು ಪತ್ರ ತಿದ್ದಿದ ಮಾತ್ರಕ್ಕೆ ನಿನ್ನೆ ಹಂಚಿದ ಪ್ರತಿಗಳು ತಾವಾಗಿಯೇ ತಿದ್ದಿಕೊಳ್ಳುತ್ತವೆಯೇ? ಶಿರಾಳಕೊಪ್ಪ ಸಮೀಪಿಸುವಾಗ ನೆಟ್‌ವರ್ಕ್ ಸಿಕ್ಕಿತು. ಗುಂಡಿ ಹುಡುಕಿ ಕ್ಯಾಶ್ ಖಾಲಿ ಮಾಡಿದೆ. ಮುಂದಿನ ಸೀಟಿನಲ್ಲಿದ್ದ ನಮ್ಮೆಜಮಾನರು, "ಕ್ಯಾಶ್ ಖಾಲಿ ಮಾಡೋದು ನಿನಗ ಹೇಳಿಕೊಡಬೇಕಾ?" ಎಂದರು. ಯಾರೂ ನಗಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಒಂದೇ ಚಿತ್ರ: ಟೀಚರು ಬಾಗಿಲವರೆಗೆ ಬಂದಿದ್ದಾರೆ, ಒಳಗೆ ಬೇರೆಯವರಿದ್ದಾರೆ.

ಭವನದಲ್ಲಿ ನಿಶ್ಚಿತಾರ್ಥದ ಸಡಗರ. ಟೀಚರು ಎಲ್ಲೂ ಕಾಣಲಿಲ್ಲ. ಯಾರೋ ವಧುವಿನ ಕೋಣೆಯತ್ತ ಕೈ ತೋರಿಸಿದರು. ಬಾಗಿಲು ತಳ್ಳಿದೆ. ಹುಡುಗಿ ಒಂದು ಕೈ ಮೇಲೆತ್ತಿ ನಿಂತಿದ್ದಳು. ಹೊಸ ರವಿಕೆ ಬಿಗಿಯಾಗಿ ಕಂಕುಳ ಕೆಳಗೆ ಹೊಲಿಗೆ ಬಿಚ್ಚಿಕೊಂಡಿತ್ತಂತೆ, ಹುಡುಗಿ ಅತ್ತು ಕಣ್ಣು ಕೆಂಪಾಗಿತ್ತು. ಟೀಚರು ಸ್ಟೂಲಿನ ಮೇಲೆ ಕೂತು ಬೆರಳಿನಿಂದ ತಡವುತ್ತಾ ಹೊಲಿಯುತ್ತಿದ್ದರು. ಟೀಚರಂತೆಯೇ ಹಳೆ ನಕಲು ನಂಬಿ ಬಂದಿದ್ದ ಸಹಪಾಠಿಗಳು ಸುತ್ತ ನಿಂತಿದ್ದರು. ಒಬ್ಬಳು ದಾರ ಪೋಣಿಸಿ ಕೊಡುತ್ತಿದ್ದಳು, ಒಬ್ಬಳು ಬೆಳಕು ಹಿಡಿದಿದ್ದಳು. ಎಲ್ಲರೂ ತರಗತಿಯಲ್ಲಿದ್ದಂತೆ ಸುಮ್ಮನಿದ್ದರು.

"ಟೀಚರ್, ನನ್ನಿಂದ ದೊಡ್ಡ ತಪ್ಪಾಯ್ತು" ಎಂದೆ.

"ಯಾರು, ಸುಮಾನಾ? ಆಮೇಲೆ ಹೇಳಮ್ಮ. ಈ ಹುಡುಗಿಗೆ ಹೊತ್ತಾಗ್ತಿದೆ. ಅಲ್ಲಿ ಕತ್ತರಿ ಇದೆ, ಕೊಡು."

ಕೊಟ್ಟೆ. ಹೊಲಿಗೆ ಮುಗಿಯಿತು, ಹುಡುಗಿ ಕೈ ಬೀಸಿ ನೋಡಿ ನಕ್ಕಳು. ವಿಷಯವೆಲ್ಲ ತಿಳಿದಾಗ ಅವಳ ತಾಯಿ ನಮ್ಮನ್ನು ಹೋಗಲು ಬಿಡಲಿಲ್ಲ. "ಇವರನ್ನ ಇಲ್ಲಿಂದ ಹಂಗ ಕಳಿಸಾಕ ಆಗಂಗಿಲ್ರಿ. ಉಂಗುರ ಹಾಕಿದ ಮ್ಯಾಲ ವೇದಿಕೆ ನಿಮ್ಮದ" ಎಂದರು. ಹಾಗೆ, ಹೆಸರೂ ಗೊತ್ತಿಲ್ಲದ ಎರಡು ಮನೆಯ ನೆಂಟರಿಷ್ಟರ ಮುಂದೆ ನಾವು ಟೀಚರಿಗೆ ಶಾಲು ಹೊದಿಸಿದೆವು. ನಮ್ಮ ಸಂಘದವರಷ್ಟೇ ಇದ್ದಿದ್ದರೆ ಅಷ್ಟು ಚಪ್ಪಾಳೆ ಬರುತ್ತಿರಲಿಲ್ಲ. ಮೈಕು ಕೊಟ್ಟಾಗ ಟೀಚರು ಎದ್ದು ನಿಂತರು. ಆಮೇಲೆ ಹೇಳಿದರು:

"ಇಷ್ಟು ಕಾಲ ನನ್ನ ಪೀರಿಯಡ್ ಬೇರೆಯವರು ತಗೊಳ್ತಿದ್ದರು. ಇವತ್ತು ಬೇರೆಯವರ ಪೀರಿಯಡ್ ನಾನು ತಗೊಂಡೆ. ಕ್ಷಮಿಸಿ."

ರತ್ನಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಲ್ಲ ಸುಖಾಂತವಾಯಿತೆಂದು ನಾನು ಊಟದ ಎಲೆಯ ಮುಂದೆ ಕೂತಿದ್ದೆ, ಫೋನು ಬಂತು. ಕುಬಟೂರಿನ ಗೌರಮ್ಮ. ಶಾಲೆಯಲ್ಲೂ ತಡವಾಗಿ ಬರುತ್ತಿದ್ದವಳು.

"ಸುಮಾ, ಶಿಕಾರಿಪುರಕ್ಕೆ ಅಂತಲೇ ಹೊರಟಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ನಿನ್ನ ವೆಬ್‌ಸೈಟ್ ಮತ್ತೊಂದು ಸಲ ನೋಡಿದೆ. ಸೊರಬ ಅಂತ ಇತ್ತು! ಅಲ್ಲೇ ಇಳಿದು ಸೊರಬದ ಬಸ್ಸು ಹಿಡಿದು ಬಂದೆ. ಇಲ್ಲಿ ಅಡುಗೆಯವರು ಬಿಟ್ಟರೆ ಯಾರೂ ಇಲ್ಲವಲ್ಲೇ? ತಿಂಡಿ ತಿಂದಾಯ್ತು, ಊಟಕ್ಕೂ ಏಳಿಸ್ತಿದ್ದಾರೆ."

ನಾನು ಕ್ಯಾಶ್ ಖಾಲಿ ಮಾಡಿದ ಹೊತ್ತಿಗೆ ಅವಳು ಅದೇ ಶಿರಾಳಕೊಪ್ಪದಲ್ಲಿದ್ದಳು. ಆ ಕ್ಷಣದವರೆಗೆ ಸುಳ್ಳು ಹೇಳುತ್ತಿದ್ದ ಪುಟವನ್ನು ನಾನು ತಿದ್ದಿ ನಿಜ ಮಾಡಿದ್ದೆ. ಅಷ್ಟರಲ್ಲಿ ನಿಜವೇ ಶಿಕಾರಿಪುರಕ್ಕೆ ಹೊರಟುಹೋಗಿತ್ತು.

"ಅಲ್ಲೇ ಕೂತಿರು, ಟೀಚರನ್ನ ಬಿಡೋಕೆ ಬರ್ತೀವಿ" ಎಂದೆ. ಸಂಜೆ ಸೊರಬದ ಸಭಾಂಗಣದಲ್ಲಿ ಅಲಂಕಾರದ ನಡುವೆ ಗೌರಮ್ಮ ಒಬ್ಬಳೇ ಮೊದಲ ಸಾಲಿನಲ್ಲಿ ಕೂತಿದ್ದಳು, ಬರೆದು ತಂದ ಭಾಷಣ ಕೈಯಲ್ಲಿತ್ತು. ಟೀಚರು ಅದನ್ನು ಪೂರ್ತಿ ಓದಿಸಿಯೇ ಎದ್ದರು. ಆಮೇಲೆ ಅವಳ ಬೆನ್ನು ತಟ್ಟಿ, "ಹೇಳಿದ ಜಾಗಕ್ಕೆ ಬಂದವಳು ಇವಳೊಬ್ಬಳೇ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಕೇಸರಿಬಾತು ಬಡಿಸುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಕಾರ್ಯಕ್ರಮದ ವರದಿಯನ್ನು ಈಗ ವೆಬ್‌ಸೈಟಿನಲ್ಲಿ ಹಾಕಿದ್ದೇನೆ. ಯಾರು ಯಾರು ಬಂದಿದ್ದರು, ಟೀಚರು ಏನು ಹೇಳಿದರು ಎಂಬುದೆಲ್ಲ ವಿವರವಾಗಿದೆ. 'ಸ್ಥಳ' ಎಂಬುದರ ಮುಂದೆ ಮಾತ್ರ ಖಾಲಿ ಬಿಟ್ಟಿದ್ದೇನೆ.